ಲಾರಿಯಲ್ಲಿ ಬರುವ ಮನೆ

ವಿಜಯದಶಮಿಯ ಸಂಜೆ ಮೈಸೂರಿನ ಬನ್ನಿಮಂಟಪಕ್ಕೆ ಹೋಗುವವರು ಪಂಜಿನ ಕವಾಯತು ನೋಡಲು ಹೋಗುತ್ತಾರೆ. ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು ಐದು ಕಿಲೋಮೀಟರ್ ಸಾಗಿ ಬಂದು ಮುಗಿಯುವುದು ಇಲ್ಲಿಯೇ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬಚ್ಚಿಟ್ಟದ್ದು ಬನ್ನಿಮರದಲ್ಲಿ. ಆ ಮರಕ್ಕೆ ಪೂಜೆ ಸಲ್ಲುವ ಜಾಗ ಬನ್ನಿಮಂಟಪ. ದಸರೆಯ ಸಡಗರ ಮುಗಿದ ಮೇಲೆ ವರ್ಷದ ಉಳಿದ ದಿನಗಳಲ್ಲಿ ಇದು ಕಾಲೇಜುಗಳು, ಬಸ್ ಡಿಪೊ, ಕೈಗಾರಿಕಾ ಶೆಡ್ಡುಗಳು, ಹುಡ್ಕೊ ಹೆಸರಿನ ಬಡಾವಣೆ ಎಲ್ಲವೂ ಸೇರಿಕೊಂಡಿರುವ, ನಗರದ ಉತ್ತರ ಅಂಚಿನ ಗಡಿಬಿಡಿಯ ಪ್ರದೇಶ.

ಈ ಹೆಸರಿನಲ್ಲಿ ಬನ್ನಿಯ ಕತೆ ಎಲ್ಲರಿಗೂ ಗೊತ್ತು. ಮಂಟಪದ ಕತೆಯತ್ತ ಗಮನ ಹರಿಸಿದವರು ಕಡಿಮೆ. ನಮ್ಮ ನಾಡಿನ ಕಲ್ಲಿನ ಮಂಟಪವೊಂದನ್ನು ಹತ್ತಿರದಿಂದ ನೋಡಿ. ಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಒಂದೊಂದನ್ನೂ ನೆಲದ ಮೇಲೆ ಅಳತೆಗೆ ಕಡೆದು, ಕೆತ್ತಿ, ಆಮೇಲೆ ಎತ್ತಿ ಜೋಡಿಸಿದ್ದು. ಹೊಯ್ಸಳರ ಶಿಲ್ಪಿಗಳು ತಿರುಗಣಿಯಲ್ಲಿ ಕಡೆದ ನುಣುಪಾದ ಕಂಬಗಳನ್ನು ಸೋಮನಾಥಪುರದಲ್ಲಿ ಇಂದಿಗೂ ಕಾಣಬಹುದು. ಬಿಡಿಭಾಗಗಳನ್ನು ಮೊದಲೇ ಸಿದ್ಧಮಾಡಿ ಸ್ಥಳದಲ್ಲಿ ಜೋಡಿಸುವ ಈ ಕ್ರಮಕ್ಕೆ ಈಗಿನ ಎಂಜಿನಿಯರುಗಳು ಇಟ್ಟಿರುವ ಹೆಸರು ಪ್ರಿಫ್ಯಾಬ್ರಿಕೇಷನ್. ಬಾಯಿಮಾತಿನಲ್ಲಿ ಅದು ಪ್ರಿಫ್ಯಾಬ್ ಆಗಿದೆ.

ಜೋಡಿಸಿದ್ದನ್ನು ಬಿಚ್ಚಲೂಬಹುದು. ಕನ್ನಂಬಾಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಿಚ್ಚಿ, ಕಲ್ಲುಕಲ್ಲಿಗೂ ಗುರುತು ಹಾಕಿ, ಹೊಸ ಕನ್ನಂಬಾಡಿಯ ದಂಡೆಯಲ್ಲಿ ಮತ್ತೆ ನಿಲ್ಲಿಸಿದ್ದು ಹೀಗೆಯೇ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ನಾಡಿನ ನಾನಾ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮವೂ ಮರದ ಕೀಲು ಕುಣಿಕೆಗಳ ಈ ಗುಣದಿಂದಲೇ ಸಾಧ್ಯವಾಯಿತು.

ಹಾಗಿದ್ದರೆ, ಮನೆ ಎಂಬುದನ್ನು ಕಾರ್ಖಾನೆಯಲ್ಲಿ ತಯಾರಿಸಿ, ಲಾರಿಯಲ್ಲಿ ತಂದು, ವಾರದೊಳಗೆ ನಿಲ್ಲಿಸಿ ಬೀಗದ ಕೈ ಕೊಡುವುದು ಈ ಕಾಲದಲ್ಲಿ ಏನು ಮಹಾ ಕಷ್ಟ? ಈ ಪ್ರಶ್ನೆಯನ್ನು ಸುಮಾರು ಇನ್ನೂರು ವರ್ಷಗಳಿಂದ ಬಡಗಿಗಳು, ವ್ಯಾಪಾರಿಗಳು, ವಾಸ್ತುಶಿಲ್ಪಿಗಳು, ಸರ್ಕಾರಗಳು ಕೇಳಿಕೊಳ್ಳುತ್ತ ಬಂದಿದ್ದಾರೆ. ಅದರ ಬಗ್ಗೆ ಬಂದಿರುವ ಪುಸ್ತಕಗಳೇ ಒಂದು ಕಪಾಟು ತುಂಬುತ್ತವೆ. ಆ ಕಪಾಟಿನ ಒಂದು ಮುಖ್ಯ ಅಧ್ಯಾಯದಲ್ಲಿ ಹಳೆಯ ಮೈಸೂರು ಸಂಸ್ಥಾನದ ನೌಕರಿಯಲ್ಲಿದ್ದ ಒಬ್ಬ ವಾಸ್ತುಶಿಲ್ಪಿಯ ಹೆಸರಿದೆ ಎಂಬುದು ಮೈಸೂರಿಗರಿಗೇ ಅಷ್ಟಾಗಿ ತಿಳಿಯದ ಸಂಗತಿ.

ಗ್ಲಾಸ್ಗೋದಿಂದ ಬಂದ ಕಂಬಗಳು

ಇಸ್ರೇಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಹರ್ಬರ್ಟ್ 1978ರಲ್ಲಿ ಪ್ರಕಟಿಸಿದ ‘ಪಯೊನಿಯರ್ಸ್ ಆಫ್ ಪ್ರಿಫ್ಯಾಬ್ರಿಕೇಷನ್’ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷರ ಪ್ರಯತ್ನಗಳ ಇತಿಹಾಸ. ಲಂಡನ್ನಿನ ಬಡಗಿ ಮ್ಯಾನಿಂಗ್ ಎಂಬಾತ 1830ರ ಸುಮಾರಿಗೆ ಆಸ್ಟ್ರೇಲಿಯಕ್ಕೆ ವಲಸೆ ಹೊರಟ ತನ್ನ ಮಗನಿಗಾಗಿ ಹಡಗಿನಲ್ಲಿ ಒಯ್ಯಬಹುದಾದ ಮರದ ಮನೆಯೊಂದನ್ನು ಮಾಡಿಕೊಟ್ಟ. ಅದು ಎಷ್ಟು ಚೆನ್ನಾಗಿ ಒದಗಿತೆಂದರೆ ಮುಂದೆ ಅದನ್ನೇ ಜಾಹೀರಾತು ಕೊಟ್ಟು ಮಾರತೊಡಗಿದ. ಮರದ ಹಿಂದೆಯೇ ಎರಕದ ಕಬ್ಬಿಣ ಬಂತು. 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಬ್ಬಿಣ ಮತ್ತು ಗಾಜಿನ ‘ಕ್ರಿಸ್ಟಲ್ ಪ್ಯಾಲೆಸ್’ ನಿಲ್ಲಿಸಿದ. ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಕಟ್ಟಡವನ್ನು ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ಸಿಡೆನ್‌ಹ್ಯಾಮ್‌ನಲ್ಲಿ ಮತ್ತೆ ಕಟ್ಟಿದರು. 1936ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ಅದು ಅಲ್ಲಿಯೇ ಇತ್ತು.

ಆ ಕಾಲದ ಎರಕದ ಕಾರ್ಖಾನೆಗಳು ದಪ್ಪ ದಪ್ಪ ಕ್ಯಾಟಲಾಗುಗಳನ್ನು ಅಚ್ಚು ಹಾಕಿಸುತ್ತಿದ್ದವು. ಕಂಬ, ಕಮಾನು, ಕಟಕಟೆ, ಮೆಟ್ಟಿಲು ಎಲ್ಲಕ್ಕೂ ಚಿತ್ರ, ಎಲ್ಲಕ್ಕೂ ನಂಬರು. ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸನ್ ಫೌಂಡ್ರಿ ಇವುಗಳಲ್ಲಿ ಹೆಸರಾಗಿತ್ತು. 1889ರ ನವೆಂಬರ್ 30ರಂದು ಶಂಕುಸ್ಥಾಪನೆಯಾದ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯ ಕಬ್ಬಿಣ ಬಂದದ್ದು ಅಲ್ಲಿಂದ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದ ಮೇಲೆ ಹೆನ್ರಿ ಇರ್ವಿನ್ ಯೋಜನೆಯಂತೆ 1912ರ ಹೊತ್ತಿಗೆ ಸಿದ್ಧವಾದ ಹೊಸ ಅರಮನೆಯ ಕಲ್ಯಾಣಮಂಟಪದ ಕಂಬಗಳೂ ಅದೇ ಗ್ಲಾಸ್ಗೋದವು. ನವಿಲುಗಳ ಚಿತ್ರವಿರುವ ಬಣ್ಣದ ಗಾಜಿನ ಚಾವಣಿಯನ್ನು ಕತ್ತೆತ್ತಿ ನೋಡುವ ಪ್ರವಾಸಿಗರು, ಅದನ್ನು ಹೊತ್ತಿರುವ ಕಂಬಗಳು ಹಡಗಿನಲ್ಲಿ ಬಂದ ಬಿಡಿಭಾಗಗಳೆಂದು ಊಹಿಸುವುದೂ ಕಷ್ಟ. ಎಂದರೆ ಕಾರ್ಖಾನೆಯ ಕಟ್ಟಡ ಮೊದಲು ಬಂದದ್ದು ಬಡವನ ಮನೆಗಲ್ಲ, ಮಹಾರಾಜರ ಮನೆಗೆ!

ಅಂಚೆಯಲ್ಲಿ ಮನೆ

ಸಾಮಾನ್ಯರಿಗೆ ಕಾರ್ಖಾನೆಯ ಮನೆ ದಕ್ಕಿಸಿಕೊಟ್ಟದ್ದು ಅಮೆರಿಕದ ಅಂಗಡಿಕಾರರು. ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದ ಸಿಯರ್ಸ್ ರೋಬಕ್ ಕಂಪನಿ 1908ರಲ್ಲಿ ‘ಮಾಡರ್ನ್ ಹೋಮ್ಸ್’ ಹೆಸರಿನ ಪುಸ್ತಕ ಹೊರತಂದಿತು. ಗಡಿಯಾರ, ಹೊಲಿಗೆ ಯಂತ್ರಗಳಂತೆಯೇ ಮನೆಯನ್ನೂ ಚಿತ್ರ ನೋಡಿ ಆರಿಸಿ ದುಡ್ಡು ಕಳುಹಿಸಬಹುದಾಗಿತ್ತು. ಬರಬರುತ್ತ, ಅಳತೆಗೆ ಕತ್ತರಿಸಿದ ಮರ, ಬಾಗಿಲು, ಕಿಟಕಿ, ಮೊಳೆ, ಬಣ್ಣ ಎಲ್ಲವೂ ರೈಲಿನಲ್ಲಿ ಬರತೊಡಗಿದವು. ಯಾವ ತುಂಡು ಎಲ್ಲಿಗೆ ಎಂದು ಗುರುತು, ಜೋಡಿಸುವ ಬಗೆ ವಿವರಿಸುವ ಪುಸ್ತಿಕೆ ಜೊತೆಗಿರುತ್ತಿತ್ತು. 1940ರಲ್ಲಿ ಈ ವ್ಯಾಪಾರ ನಿಲ್ಲುವ ಹೊತ್ತಿಗೆ ಸುಮಾರು 70,000 ಮನೆಗಳು ಮಾರಾಟವಾಗಿದ್ದವು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅವುಗಳಲ್ಲಿ ಎಷ್ಟೋ ಮನೆಗಳಲ್ಲಿ ಇಂದೂ ಜನ ವಾಸವಾಗಿದ್ದಾರೆ.

ಈ ಮನೆಗಳನ್ನು ಜನ ತಮಾಷೆ ಮಾಡಿದ್ದೂ ಉಂಟು. ಬಸ್ಟರ್ ಕೀಟನ್‌ನ 1920ರ ಮೂಕಿಚಿತ್ರ ‘ಒನ್ ವೀಕ್’ನಲ್ಲಿ ನವದಂಪತಿಗೆ ಪೆಟ್ಟಿಗೆಗಳಲ್ಲಿ ಮನೆ ಉಡುಗೊರೆಯಾಗಿ ಬರುತ್ತದೆ. ಹೊಟ್ಟೆಕಿಚ್ಚಿನ ಪ್ರತಿಸ್ಪರ್ಧಿಯೊಬ್ಬ ಪೆಟ್ಟಿಗೆಗಳ ನಂಬರು ಬದಲಾಯಿಸುತ್ತಾನೆ. ಜೋಡಿಸಿ ಮುಗಿಸಿದಾಗ ನಿಂತ ಮನೆ ಸೊಟ್ಟಪಟ್ಟ. ಬಿರುಗಾಳಿಗೆ ಬುಗುರಿಯಂತೆ ಸುತ್ತುತ್ತದೆ. ನಗಿಸುವ ಚಿತ್ರವೇ ಆದರೂ ಅದು ಹೇಳುವ ಮಾತು ನಿಜ. ಇಂಥ ಮನೆಯ ಪ್ರಾಣ ಗೋಡೆಯಲ್ಲಿಲ್ಲ, ಜೋಡಣೆಯಲ್ಲಿದೆ.

ಕನಸು ಕಂಡ ದೊಡ್ಡವರು

ಕಾರು ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬರುವುದನ್ನು ಕಂಡ ವಾಸ್ತುಶಿಲ್ಪಿಗಳು ಮನೆಯೂ ಹಾಗೇಕೆ ಬರಬಾರದೆಂದು ಯೋಚಿಸಿದರು. ಮುಂದೆ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೇ 1923ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಜರ್ಮನಿಯ ವಾಲ್ಟರ್ ಗ್ರೋಪಿಯಸ್ 1910ರಲ್ಲೇ ಇಂಥ ಕಂಪನಿಯೊಂದಕ್ಕೆ ಯೋಜನೆ ಬರೆದುಕೊಟ್ಟಿದ್ದ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟ ಗ್ರೋಪಿಯಸ್ ಮತ್ತು ಬಡಗಿತನದಿಂದ ಮೇಲೆ ಬಂದ ಕಾನ್ರಾಡ್ ವಾಕ್ಸ್‌ಮನ್ ಇಬ್ಬರೂ ಅಮೆರಿಕದಲ್ಲಿ ಸೇರಿ 1940ರ ದಶಕದ ಆರಂಭದಲ್ಲಿ ‘ಪ್ಯಾಕೇಜ್ಡ್ ಹೌಸ್’ ರೂಪಿಸಿದರು. ಹಲಗೆಗಳನ್ನು ಯಾವ ದಿಕ್ಕಿನಲ್ಲಿಯಾದರೂ ಕೂಡಿಸಬಲ್ಲ ಲೋಹದ ಕೊಂಡಿಯೊಂದನ್ನು ವಾಕ್ಸ್‌ಮನ್ ಕಂಡುಹಿಡಿದ. ವರ್ಷಕ್ಕೆ ಸಾವಿರಾರು ಮನೆ ಎಂದು ಕಾರ್ಖಾನೆ ತೆರೆದರು. ಮಾರಾಟವಾದದ್ದು 200ಕ್ಕೂ ಕಡಿಮೆ. ಆತ ಕೊಂಡಿಯನ್ನು ಇನ್ನೂ ಸುಂದರ ಮಾಡುವುದರಲ್ಲೇ ಮುಳುಗಿದ್ದ, ಮಾರುಕಟ್ಟೆ ಅಷ್ಟರಲ್ಲಿ ಕೈಜಾರಿತ್ತು. ಈ ದುರಂತವನ್ನು ಅದೇ ಗಿಲ್ಬರ್ಟ್ ಹರ್ಬರ್ಟ್ 1984ರಲ್ಲಿ ‘ದಿ ಡ್ರೀಮ್ ಆಫ್ ದಿ ಫ್ಯಾಕ್ಟರಿ ಮೇಡ್ ಹೌಸ್’ ಎಂಬ ಪುಸ್ತಕವಾಗಿ ಬರೆದರು. ಈ ವಿಷಯದಲ್ಲಿ ಒಂದೇ ಪುಸ್ತಕ ಓದುವುದಾದರೆ ಅದನ್ನು ಓದಬೇಕು.

ಅದೇ ಕಾಲದಲ್ಲಿ ಲಸ್ಟ್ರಾನ್ ಎಂಬ ಅಮೆರಿಕನ್ ಕಂಪನಿ ಎನಾಮಲ್ ಬಳಿದ ಉಕ್ಕಿನ ಮನೆಗಳನ್ನು ಮಾಡಿತು. ಪಿಂಗಾಣಿ ಬಸಿಯಂತೆ ಹೊಳೆಯುವ, ಬಣ್ಣ ಬಳಿಯುವ ಗೊಡವೆಯಿಲ್ಲದ ಮನೆ. ಸರ್ಕಾರದಿಂದ ಕೋಟಿಗಟ್ಟಲೆ ಡಾಲರ್ ಸಾಲ ಪಡೆದು ಸುಮಾರು 2,500 ಮನೆ ಮಾಡುವಷ್ಟರಲ್ಲಿ, 1950ರಲ್ಲಿ ಅದರ ಬಾಗಿಲಿಗೆ ಬೀಗ ಬಿತ್ತು. ಬ್ರಿಟನ್ನಿನಲ್ಲಿ ಮಾತ್ರ ಸರ್ಕಾರವೇ ಗಿರಾಕಿಯಾಗಿ ನಿಂತಿದ್ದರಿಂದ, ಯುದ್ಧದಲ್ಲಿ ಮನೆ ಕಳೆದುಕೊಂಡವರಿಗಾಗಿ 1945ರಿಂದ 1949ರ ಒಳಗೆ 1,56,623 ತಾತ್ಕಾಲಿಕ ಮನೆಗಳು ಎದ್ದವು. ಹತ್ತು ವರ್ಷ ಬಾಳಲೆಂದು ಕಟ್ಟಿದ ಅವುಗಳಲ್ಲಿ ಕೆಲವು ಅರ್ಧ ಶತಮಾನಕ್ಕೂ ಮೀರಿ ಬಾಳಿದವು. ಬ್ರೆಂಡಾ ವೇಲ್ 1995ರಲ್ಲಿ ಇವುಗಳ ಇತಿಹಾಸ ಬರೆದಿದ್ದಾರೆ.

ಮೈಸೂರಿನಿಂದ ದೆಹಲಿಗೆ

ಇನ್ನು ನಮ್ಮ ಕತೆಗೆ ಬರೋಣ. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಆಟೋ ಕೋನಿಗ್ಸ್‌ಬರ್ಗರ್ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ದೇಶ ಬಿಡಬೇಕಾಯಿತು. ಕೆಲವು ವರ್ಷ ಈಜಿಪ್ಟಿನಲ್ಲಿದ್ದು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಇಲ್ಲಿಗೆ ಬಂದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗ, ಭೋಜನಶಾಲೆ ಮುಂತಾದ ಕಟ್ಟಡಗಳು ಇವರ ಕೈಯಿಂದ ಮೂಡಿದವು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಇವರದೇ. ಬಿಸಿಲಿಗೆ ಬೆನ್ನು ಮಾಡಿ ನಿಲ್ಲುವುದು, ಗಾಳಿಗೆ ದಾರಿ ಬಿಡುವುದು, ಮಳೆಗೆ ಅಗಲವಾದ ಸೂರು ಇಳಿಸುವುದು ಇವನ್ನೆಲ್ಲ ಅವರು ಕಲಿತದ್ದು ಮೈಸೂರು ಸೀಮೆಯಲ್ಲಿ.

ದೇಶ ವಿಭಜನೆಯಾಗಿ ದೆಹಲಿಗೆ ಲಕ್ಷಾಂತರ ನಿರಾಶ್ರಿತರು ಬಂದು ತುಂಬಿದ್ದ ದಿನಗಳು ಅವು. ಶಿಬಿರಗಳಲ್ಲಿ, ಡೇರೆಗಳಲ್ಲಿ, ಹಳೆಯ ಕೋಟೆಯ ಗೋಡೆಯ ಮಗ್ಗುಲಲ್ಲಿ ಸಂಸಾರಗಳು ಕಾಲ ತಳ್ಳುತ್ತಿದ್ದವು. 1948ರಲ್ಲಿ ಕೋನಿಗ್ಸ್‌ಬರ್ಗರ್ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಆ ಇಲಾಖೆ ಆಗ ರಾಜಕುಮಾರಿ ಅಮೃತ್ ಕೌರ್ ಅವರ ಆರೋಗ್ಯ ಸಚಿವಾಲಯದಲ್ಲಿತ್ತು. ಇಟ್ಟಿಗೆ, ಸಿಮೆಂಟು, ನುರಿತ ಕೆಲಸಗಾರರು ಎಲ್ಲಕ್ಕೂ ಕೊರತೆ. ಮನೆ ಬೇಕಾದವರೋ ಅಸಂಖ್ಯ. ಕಾರ್ಖಾನೆಯಲ್ಲಿ ಮನೆ ಮಾಡುವುದೇ ದಾರಿ ಎಂದು ದೆಹಲಿಯ ಜಂಗಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಎದ್ದಿತು. ನೊರೆ ಕಾಂಕ್ರೀಟಿನ ಹಗುರ ಹಲಗೆಗಳು ಅಚ್ಚಿನಿಂದ ಇಳಿಯಬೇಕು, ಅವನ್ನು ಲಾರಿಯಲ್ಲಿ ಒಯ್ದು ಕೂಡಿಸಬೇಕು, ಸಂಸಾರ ಒಳಗೆ ಹೋಗಬೇಕು. ಇದು ಲೆಕ್ಕಾಚಾರ.

ಲೆಕ್ಕ ಕಾಗದದ ಮೇಲೆಯೇ ಉಳಿಯಿತು. ಹಲಗೆಗಳು ಬಿರುಕು ಬಿಟ್ಟವು, ಅಂಚು ಮುಕ್ಕಾದವು. ಅಂದುಕೊಂಡ ಸಂಖ್ಯೆಯ ಹತ್ತಿರಕ್ಕೂ ಉತ್ಪಾದನೆ ಬರಲಿಲ್ಲ. ಸಂಸತ್ತಿನಲ್ಲಿ ಟೀಕೆ, ಪತ್ರಿಕೆಗಳಲ್ಲಿ ಟೀಕೆ. 1951ರ ಹೊತ್ತಿಗೆ ಕೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ ಸೇರಿದರು. ಕಾರ್ಖಾನೆ ಮಾತ್ರ ಸಾಯಲಿಲ್ಲ. 1953ರಲ್ಲಿ ಹಿಂದೂಸ್ಥಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಗಿ, 1978ರಲ್ಲಿ ಹಿಂದೂಸ್ಥಾನ್ ಪ್ರಿಫ್ಯಾಬ್ ಎಂದು ಹೆಸರು ಬದಲಿಸಿಕೊಂಡಿತು. ಇಡೀ ಮನೆಯ ಆಸೆ ಬಿಟ್ಟು ಕಾಂಕ್ರೀಟಿನ ವಿದ್ಯುತ್ ಕಂಬ, ರೈಲ್ವೆ ಸ್ಲೀಪರು, ಕಟ್ಟಡದ ಬಿಡಿಭಾಗಗಳನ್ನು ಮಾಡಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಅದು ಬರೀ ಒಂದು ಸೋಲಿನ ಕತೆ. ಆದರೆ ಕೋನಿಗ್ಸ್‌ಬರ್ಗರ್ ಸೋಲಿನಿಂದ ಕಲಿತರು. 1950ರ ದಶಕದ ಮಧ್ಯದಲ್ಲಿ ವಿಶ್ವಸಂಸ್ಥೆ ಅವರನ್ನು ಇನ್ನಿಬ್ಬರು ತಜ್ಞರೊಂದಿಗೆ ಗೋಲ್ಡ್ ಕೋಸ್ಟ್‌ಗೆ, ಎಂದರೆ ಇಂದಿನ ಘಾನಾ ದೇಶಕ್ಕೆ ಕಳುಹಿಸಿತು. ಅಲ್ಲಿ ಯೂರೋಪಿನ ಪ್ರಿಫ್ಯಾಬ್ ತಂತ್ರದಿಂದ ಮನೆ ಕಟ್ಟುವ ಯೋಜನೆ ಚರ್ಚೆಯಲ್ಲಿತ್ತು. ತಜ್ಞರು ಅದರ ಬದಲು ಸೂಚಿಸಿದ್ದು ಬಹಳ ಸರಳವಾದ ದಾರಿ. ಗೋಡೆಯನ್ನು ಹಳ್ಳಿಯವರು ತಮ್ಮ ಮಣ್ಣಿನಿಂದ ತಾವೇ ಎಬ್ಬಿಸಿಕೊಳ್ಳಬಲ್ಲರು. ಅವರ ಕೈಗೆ ಎಟುಕದ್ದು ಚಾವಣಿ. ಆದ್ದರಿಂದ ಚಾವಣಿಗೆ ಮಾತ್ರ ಸಾಲ ಕೊಡಿ ಎಂದರು. ಮನೆ ಕಾರ್ಖಾನೆ ಕಟ್ಟಿಸಿದ್ದ ವ್ಯಕ್ತಿಯ ಬಾಯಲ್ಲಿ ಈ ಮಾತು ಬಂದಾಗ ಅದಕ್ಕೆ ಬೇರೆಯೇ ತೂಕ. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸುತ್ತ, 1970ರ ದಶಕದ ಮೊದಲ ವರ್ಷಗಳಲ್ಲಿ ಸಹಲೇಖಕರೊಡನೆ ‘ಮ್ಯಾನ್ಯುಯಲ್ ಆಫ್ ಟ್ರಾಪಿಕಲ್ ಹೌಸಿಂಗ್ ಅಂಡ್ ಬಿಲ್ಡಿಂಗ್’ ಬರೆದರು. ಭಾರತದ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಅದು ಇಂದಿಗೂ ಪಠ್ಯ. ಕೋನಿಗ್ಸ್‌ಬರ್ಗರ್ ತೀರಿಕೊಂಡದ್ದು 1999ರಲ್ಲಿ.

ಸಂದಿನಲ್ಲಿದೆ ಸಂಕಟ

ಮಂಟಪದ ಕಲ್ಲು ತನ್ನ ಭಾರದಿಂದಲೇ ನಿಲ್ಲುತ್ತದೆ. ಕಾಂಕ್ರೀಟಿನ ತೆಳು ಹಲಗೆಗಳು ಹಾಗಲ್ಲ. ಅವು ಕೂಡುವ ಸಂದುಗಳಲ್ಲಿ ಕಬ್ಬಿಣ ಕಬ್ಬಿಣಕ್ಕೆ ಸೇರಿ, ನಡುವೆ ಕಾಂಕ್ರೀಟು ತುಂಬಿ ಒಂದಾಗಬೇಕು. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೇ ಮಹಡಿಯಲ್ಲಿ ಅಡುಗೆ ಅನಿಲ ಸಿಡಿದು ಒಂದು ಗೋಡೆಹಲಗೆ ಕಳಚಿತು. ಅದನ್ನು ನಂಬಿದ್ದ ಮೇಲಿನ ಮಹಡಿಗಳು ಕುಸಿದು, ಆ ಭಾರಕ್ಕೆ ಕೆಳಗಿನವೂ ಕುಸಿದು, ಕಟ್ಟಡದ ಒಂದು ಮೂಲೆ ಇಸ್ಪೀಟೆಲೆಯಂತೆ ಉದುರಿತು. ನಾಲ್ವರು ಸತ್ತರು. ವಾಸ ಆರಂಭವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿಯೂ ಗುಜರಾತಿನ ಹಲವು ಒಂದು ಕೋಣೆಯ ಪ್ರಿಕಾಸ್ಟ್ ಶಾಲೆಗಳು ಬಿದ್ದವು. ತಜ್ಞರು ಬೆರಳು ತೋರಿಸಿದ್ದು ಸಂದುಗಳ ದುರ್ಬಲ ಜೋಡಣೆಯತ್ತಲೇ. ಅಂದು ಗಣರಾಜ್ಯೋತ್ಸವದ ರಜೆ, ಮಕ್ಕಳು ತರಗತಿಗಳಲ್ಲಿರಲಿಲ್ಲ.

ಹಾಗೆಂದು ಪ್ರಿಕಾಸ್ಟ್ ಕಟ್ಟಡವೇ ಅಪಾಯ ಎಂದಲ್ಲ. ಜಪಾನಿನಂಥ ಭೂಕಂಪದ ನಾಡಿನಲ್ಲೇ ಕಾರ್ಖಾನೆಯ ಮನೆಗಳು ದಶಕಗಳಿಂದ ದೊಡ್ಡ ಉದ್ಯಮವಾಗಿವೆ. ಕಾರು ಮಾಡುವ ಟೊಯೊಟಾ ಕೂಡ 1975ರಿಂದ ಮನೆ ಮಾರಿದೆ. ನಮ್ಮಲ್ಲಿಯೂ ಇದಕ್ಕೆ ಭಾರತೀಯ ಮಾನಕ ಬ್ಯೂರೋದ ನಿಯಮಗಳಿವೆ, ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪ್ರತ್ಯೇಕ ವಿಭಾಗವಿದೆ. ನಿಯಮದ ಪುಸ್ತಕ ಕಪಾಟಿನಲ್ಲಿದ್ದರೆ ಸಾಲದು, ಸಂದಿಗೆ ಕಾಂಕ್ರೀಟು ತುಂಬುವವನ ಕೈಯಲ್ಲಿರಬೇಕು ಎಂಬುದಷ್ಟೇ ಮಾತು.

ಹೊಳಪು ಕಾಗದದ ಮನೆಗಳು

2000ದ ನಂತರ ಪ್ರಿಫ್ಯಾಬ್ ಪುಸ್ತಕಗಳ ಹೊಸ ಬೆಳೆಯೇ ಬಂತು. ಆಲಿಸನ್ ಏರಿಫ್ ಮತ್ತು ಬ್ರಯಾನ್ ಬರ್ಕ್‌ಹಾರ್ಟ್ ಅವರ ‘ಪ್ರಿಫ್ಯಾಬ್’ 2002ರಲ್ಲಿ, ಜಿಲ್ ಹರ್ಬರ್ಸ್ ಅವರ ‘ಪ್ರಿಫ್ಯಾಬ್ ಮಾಡರ್ನ್’ 2004ರಲ್ಲಿ, ಶೆರಿ ಕೂನ್ಸ್ ಅವರ ‘ಪ್ರಿಫ್ಯಾಬ್ಯುಲಸ್’ 2007ರಲ್ಲಿ ಬಂದವು. ಕಾಡಿನ ನಡುವೆ, ಸರೋವರದ ದಡದಲ್ಲಿ, ಗಾಜಿನ ಗೋಡೆಯ ಮನೆಗಳು. ಒಳಗೆ ಸಾಮಾನೂ ಇಲ್ಲ, ಜನರೂ ಇಲ್ಲ. ಅಕ್ಕಿ ಡಬ್ಬ, ರುಬ್ಬುವ ಕಲ್ಲು, ದೇವರ ಗೂಡು, ಒಣಹಾಕಿದ ಬಟ್ಟೆ ಇವಕ್ಕೆ ಜಾಗವೆಲ್ಲಿ ಎಂದು ನಮ್ಮ ಗೃಹಿಣಿಯರು ಕೇಳಿದರೆ ತಪ್ಪಿಲ್ಲ. 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಪಕ್ಕದ ಖಾಲಿ ನಿವೇಶನದಲ್ಲಿ ಐದು ಪೂರ್ಣ ಗಾತ್ರದ ಮನೆಗಳನ್ನು ನಿಲ್ಲಿಸಿ ‘ಹೋಮ್ ಡೆಲಿವರಿ’ ಪ್ರದರ್ಶನ ನಡೆಸಿತು. ಅದರ ಪುಸ್ತಕ ಚಿತ್ರ, ಇತಿಹಾಸ ಎರಡಕ್ಕೂ ಒಳ್ಳೆಯ ಆಕರ.

ಈ ಗುಂಪಿನಲ್ಲಿ ಬೇರೆಯಾಗಿ ನಿಲ್ಲುವುದು ಕಾಲಿನ್ ಡೇವಿಸ್ 2005ರಲ್ಲಿ ಬರೆದ ‘ದಿ ಪ್ರಿಫ್ಯಾಬ್ರಿಕೇಟೆಡ್ ಹೋಮ್’. ಹೆಸರಾಂತ ವಾಸ್ತುಶಿಲ್ಪಿಗಳ ಪ್ರಿಫ್ಯಾಬ್ ಪ್ರಯೋಗಗಳು ಒಂದಾದ ಮೇಲೊಂದು ಸೋತಿವೆ, ಗೆದ್ದದ್ದು ವಾಸ್ತುಶಿಲ್ಪಿಗಳ ಹೆಸರೇ ಇಲ್ಲದ ಸಾಮಾನ್ಯ ಮನೆಗಳು ಎಂಬುದು ಅವರ ವಾದ. ಸಿಯರ್ಸ್ ಮನೆಗಳು ಅದಕ್ಕೆ ಸಾಕ್ಷಿ. ಮಿಶೆಲ್ ಕಾಫ್‌ಮನ್ ಎಂಬ ಅಮೆರಿಕದ ವಾಸ್ತುಶಿಲ್ಪಿಯ ‘ಪ್ರಿಫ್ಯಾಬ್ ಗ್ರೀನ್’ ಪುಸ್ತಕ 2009ರಲ್ಲಿ ಬಂತು, ಅದೇ ವರ್ಷ ಅವರ ಸಂಸ್ಥೆ ಆರ್ಥಿಕ ಕುಸಿತಕ್ಕೆ ಸಿಕ್ಕಿ ಮುಚ್ಚಿತು. ಇನ್ನೂ ಹತ್ತಿರದ ಉದಾಹರಣೆ ನಮ್ಮ ಗಡಿಯಾಚೆ ಕೃಷ್ಣಗಿರಿಯದು. ಅಲ್ಲಿ ಕೆಇಎಫ್ ಇನ್‌ಫ್ರಾ ದೊಡ್ಡ ಪ್ರಿಕಾಸ್ಟ್ ಕಾರ್ಖಾನೆ ತೆರೆದಿತ್ತು. 2018ರಲ್ಲಿ ಅದು ಅಮೆರಿಕದ ಕಟೆರಾ ಕಂಪನಿಯೊಡನೆ ವಿಲೀನವಾಯಿತು. ನೂರಾರು ಕೋಟಿ ಡಾಲರ್ ಬಂಡವಾಳ ಎತ್ತಿದ್ದ ಕಟೆರಾ 2021ರ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು.

ಇಷ್ಟೊಂದು ಬುದ್ಧಿವಂತರು ಏಕೆ ಎಡವುತ್ತಾರೆ? ಪುಸ್ತಕಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಕಾರಣ ಹೊಳೆಯುತ್ತದೆ. ಕಾರ್ಖಾನೆ ಕಟ್ಟಲು ಮೊದಲೇ ಅಪಾರ ಹಣ ಸುರಿಯಬೇಕು. ಅದು ಮರಳಿ ಬರಬೇಕಾದರೆ ಪ್ರತಿದಿನವೂ ಒಂದೇ ಬಗೆಯ ಮನೆಗಳು ಹೊರಬೀಳುತ್ತಿರಬೇಕು. ಮನೆಯ ಬೇಡಿಕೆಯೋ ಏರಿಳಿತದ್ದು. ಒಂದು ವರ್ಷ ಬೇಡಿಕೆ ಕುಸಿದರೆ ಮೇಸ್ತ್ರಿ ಬೇರೆ ಕೆಲಸ ಹಿಡಿಯಬಲ್ಲ, ಕಾರ್ಖಾನೆ ಬಡ್ಡಿ ಕಟ್ಟುತ್ತ ಕೂರಬೇಕು. ಕಾರು ತಾನೇ ಓಡಿ ಗಿರಾಕಿಯ ಮನೆ ಸೇರುತ್ತದೆ, ಮನೆಯನ್ನು ಹೊತ್ತು ಸಾಗಿಸಬೇಕು. ನಮ್ಮ ರಸ್ತೆಯ ನಿಯಮದಂತೆ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ. ನಡುಮನೆಯನ್ನು ಇಡಿಯಾಗಿ ತರುವ ಆಸೆ ಅಲ್ಲಿಗೇ ನಿಂತಿತು. ನಿವೇಶನಗಳೂ ಒಂದರಂತೆ ಒಂದಿಲ್ಲ. ಒಂದು ಮೂಲೆ ನಿವೇಶನ, ಇನ್ನೊಂದು ಇಳಿಜಾರು, ಮತ್ತೊಂದರ ಬಾಗಿಲು ಪೂರ್ವಕ್ಕೇ ಬರಬೇಕು.

ತುಂಡು ತುಂಡಾಗಿ ಬಂದ ಪ್ರಿಫ್ಯಾಬ್

ಇಡೀ ಮನೆ ಬಾರದಿದ್ದರೂ ಅದರ ತುಂಡುಗಳು ನಮ್ಮ ಮನೆಗಳೊಳಗೆ ಆಗಲೇ ಬಂದು ಕೂತಿವೆ. ಕಾಂಕ್ರೀಟಿನ ಬಾಗಿಲು ಚೌಕಟ್ಟು, ಕಾಂಪೌಂಡಿನ ಹಲಗೆ, ಬಾವಿಯ ಬಳೆ, ಸಿಮೆಂಟ್ ಜಾಲಿ, ಹಾಲೋ ಬ್ಲಾಕ್ ಎಲ್ಲವೂ ಪ್ರಿಫ್ಯಾಬ್ ಕುಟುಂಬದವೇ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಹಲಗೆ ಮತ್ತು ತೊಲೆಯ ಚಾವಣಿ ಇದಕ್ಕೆ ಒಳ್ಳೆಯ ಮಾದರಿ. ಒಂದಡಿ ಅಗಲ, ಐದಡಿಯೊಳಗಿನ ಉದ್ದದ ಕಾಂಕ್ರೀಟು ಹಲಗೆಗಳನ್ನು ನೆಲದ ಮೇಲೆಯೇ ಅಚ್ಚಿಗೆ ಹಾಕಿ, ಕ್ಯೂರಿಂಗ್ ಮಾಡಿ, ಇಬ್ಬರೋ ಮೂವರೋ ಎತ್ತಿ ತೊಲೆಗಳ ಮೇಲಿಡಬಹುದು. ಮೇಲೆ ತೆಳುವಾಗಿ ಕಾಂಕ್ರೀಟು ಹಾಕಿದರೆ ಚಾವಣಿ ಸಿದ್ಧ. ಸೆಂಟ್ರಿಂಗ್ ಹಲಗೆ, ಕಂಬಗಳ ಬಾಡಿಗೆ ಉಳಿಯುತ್ತದೆ. ಹಳೆಯ ಮೈಸೂರಿನ ಮದ್ರಾಸ್ ತಾರಸಿ ಮನೆಗಳಲ್ಲಿ ಮರದ ಜಂತೆಗಳ ಮೇಲೆ ಇಟ್ಟಿಗೆ ಕೂರಿಸುತ್ತಿದ್ದುದನ್ನು ಬಲ್ಲವರಿಗೆ, ಕೋಲಾರದ ಕಡೆ ಕಲ್ಲಿನ ಚಪ್ಪಡಿ ಹಾಸಿದ ಮನೆಗಳನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇನ್ನೊಂದು ದಿಕ್ಕಿನಲ್ಲಿ ಯೋಚಿಸಿತು. ಮನೆಯನ್ನು ಕಾರ್ಖಾನೆಗೆ ಒಯ್ಯುವ ಬದಲು ಚಿಕ್ಕ ಯಂತ್ರವನ್ನೇ ನಿವೇಶನಕ್ಕೆ ತಂದರೆ ಹೇಗೆ? ಅಲ್ಲಿಯದೇ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ ಸುಡುವ ಸೌದೆಯನ್ನು ಉಳಿಸಿತು, ಊರಿನವರಿಗೆ ಕೆಲಸವನ್ನೂ ಕೊಟ್ಟಿತು. ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಈ ಅನುಭವವನ್ನೆಲ್ಲ 2007ರಲ್ಲಿ ‘ಆಲ್ಟರ್ನೇಟಿವ್ ಬಿಲ್ಡಿಂಗ್ ಮೆಟೀರಿಯಲ್ಸ್ ಅಂಡ್ ಟೆಕ್ನಾಲಜೀಸ್’ ಎಂಬ ಪುಸ್ತಕದಲ್ಲಿ ಕೂಡಿಸಿಟ್ಟಿದ್ದಾರೆ. ಹೊಳಪು ಕಾಗದ ಅದರಲ್ಲಿಲ್ಲ, ನಮ್ಮ ಮಣ್ಣಿದೆ.

ಸರ್ಕಾರಗಳೂ ಸುಮ್ಮನೆ ಕುಳಿತಿಲ್ಲ. 2021ರ ಜನವರಿ 1ರಂದು ಪ್ರಧಾನಿಯವರು ಇಂದೋರ್, ರಾಜಕೋಟ್, ಚೆನ್ನೈ, ರಾಂಚಿ, ಅಗರ್ತಲಾ, ಲಖನೌ ನಗರಗಳಲ್ಲಿ ಆರು ಬಗೆಯ ಹೊಸ ತಂತ್ರಗಳ ವಸತಿ ಯೋಜನೆಗಳಿಗೆ ಶಂಕುಸ್ಥಾಪನೆ ಮಾಡಿದರು. ಒಂದೊಂದು ಕಡೆಯೂ ಸುಮಾರು ಸಾವಿರ ಮನೆ. ಪ್ರಿಕಾಸ್ಟ್ ಕಾಂಕ್ರೀಟಿನಿಂದ ಕಟ್ಟಿದ ಚೆನ್ನೈನ 1,152 ಮನೆಗಳು 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದವು. ಒಂದೇ ನಕ್ಷೆ, ಒಂದೇ ಜಾಗ, ಸಾವಿರ ಮನೆ, ಒಬ್ಬನೇ ಗಿರಾಕಿ ಇರುವ ಕಡೆ ಕಾರ್ಖಾನೆಯ ಲೆಕ್ಕ ಸರಿಹೋಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಮೂವತ್ತು–ನಲವತ್ತರ ಒಂಟಿ ನಿವೇಶನದವರಿಗೆ ಆ ಲೆಕ್ಕ ಹಾಗೆಯೇ ಅನ್ವಯಿಸದು.

ಓದಿದ ಮೇಲೆ ಕೇಳಬೇಕಾದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕಟ್ಟಿದವರಿಗೆ ಮನೆ ಕಟ್ಟುವ ಸಂಕಟ ಗೊತ್ತಿತ್ತು. ಮೇಸ್ತ್ರಿ ಇಂದು ಬಂದರೆ ನಾಳೆ ಇಲ್ಲ, ಮರಳಿನ ಬೆಲೆ ಬೆಳಗ್ಗೆ ಒಂದು ಸಂಜೆ ಒಂದು, ಮೋಲ್ಡ್ ಹಾಕುವ ದಿನವೇ ಮಳೆ. ಇವೆಲ್ಲದರಿಂದ ಪಾರಾಗುವ ದಾರಿಯಾಗಿ ಪ್ರಿಫ್ಯಾಬ್ ಮನೆಯ ಜಾಹೀರಾತು ಕಣ್ಸೆಳೆದರೆ ಆಶ್ಚರ್ಯವಿಲ್ಲ. ತೋಟದ ಮನೆ, ಮೇಲಂತಸ್ತಿನ ಒಂದು ಕೋಣೆ, ಕಟ್ಟಡ ಕೆಲಸದ ಕಚೇರಿ ಇಂಥವಕ್ಕೆ ಉಕ್ಕಿನ ಚೌಕಟ್ಟಿನ ಹಗುರ ಮನೆ ಹೊಂದಿಕೊಳ್ಳುತ್ತದೆ. ನಿವೃತ್ತಿಯ ಹಣವನ್ನೆಲ್ಲ ಸುರಿದು ಇರಲು ಮನೆ ಮಾಡಿಸುವವರು ಮಾತ್ರ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು.

ಗೋಡೆ ಹಗುರವಾದಷ್ಟೂ ಬಿಸಿಲು ಬೇಗ ಒಳಗೆ ಇಳಿಯುತ್ತದೆ. ದಪ್ಪ ಗೋಡೆ ಮಧ್ಯಾಹ್ನದ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಇದು ಕೋನಿಗ್ಸ್‌ಬರ್ಗರ್ ಪುಸ್ತಕದ ಮೊದಲ ಪಾಠಗಳಲ್ಲೊಂದು. ಹಾಗಾದರೆ ಈ ಹಲಗೆಯೊಳಗೆ ಶಾಖ ತಡೆಯುವ ಪದರ ಯಾವುದು, ಎಷ್ಟು ದಪ್ಪ? ಬೆಂಕಿ ತಗುಲಿದರೆ ಆ ಪದರ ಏನಾಗುತ್ತದೆ? ತಗಡಿನ ಚಾವಣಿಯಾದರೆ ಜೋರು ಮಳೆಯ ಸದ್ದಿನಲ್ಲಿ ಮಾತು ಕೇಳಿಸುತ್ತದೆಯೇ? ಸಂದುಗಳಿಗೆ ತುಂಬಿದ ಅಂಟು ಎಷ್ಟು ವರ್ಷಕ್ಕೊಮ್ಮೆ ಬದಲಾಗಬೇಕು? ಗೋಡೆಗೆ ಮೊಳೆ ಹೊಡೆದು ಅಟ್ಟ ಕೂರಿಸಬಹುದೇ? ಮಗನ ಮದುವೆಯ ಹೊತ್ತಿಗೆ ಮೇಲೊಂದು ಅಂತಸ್ತು ಎಬ್ಬಿಸಬಹುದೇ? ಬ್ಯಾಂಕು ಇದಕ್ಕೆ ಸಾಲ ಕೊಡುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮಾರಿದ ಕಂಪನಿ ನಾಳೆ ಮುಚ್ಚಿದರೆ ಬಿಡಿಭಾಗ ಎಲ್ಲಿ ಸಿಗುತ್ತದೆ? ಇಟ್ಟಿಗೆಯ ಮನೆ ರಿಪೇರಿಗೆ ಊರಿನ ಯಾವ ಮೇಸ್ತ್ರಿಯಾದರೂ ಸಾಕು. ಪೇಟೆಂಟ್ ಕೊಂಡಿಯ ಮನೆಗೆ ಕೊಂಡಿ ಮಾಡಿದವನೇ ಬೇಕು.

ಪ್ರಶ್ನೆಗಳ ಇನ್ನೊಂದು ಬದಿಯಲ್ಲಿ ಬೆಳಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಕಾಯುವ ಗಾರೆಯವರಿದ್ದಾರೆ. ಕಾಂಕ್ರೀಟಿನ ಬಾಂಡ್ಲಿ ಹೊತ್ತು ಏಣಿ ಹತ್ತುವ ಹೆಂಗಸರಿದ್ದಾರೆ. ಕಾರ್ಖಾನೆಯ ಮನೆ ಅವರ ದಿನಗೂಲಿಯನ್ನು ಕಸಿಯುತ್ತದೆಯೋ, ಅಥವಾ ಬಿಸಿಲು, ಬೀಳುವ ಅಪಾಯ ಎರಡರಿಂದಲೂ ಬಿಡಿಸಿ ನೆರಳಿನಲ್ಲಿ ತಿಂಗಳ ಸಂಬಳ ಕೊಡುತ್ತದೆಯೋ? ನಿವೇಶನದಲ್ಲೇ ಇಟ್ಟಿಗೆ ಒತ್ತುವ ಅಸ್ತ್ರದ ದಾರಿ, ಊರ ಬದಿಯ ಶೆಡ್ಡಿನಲ್ಲೇ ಹಲಗೆ, ತೊಲೆ ಅಚ್ಚು ಹಾಕುವ ದಾರಿ ಎರಡೂ ಕೆಲಸವನ್ನು ಊರಲ್ಲೇ ಉಳಿಸುತ್ತವೆ. ಬನ್ನಿಮಂಟಪದಂಥ ಕೈಗಾರಿಕಾ ಪ್ರದೇಶಗಳಲ್ಲಿ ಇಂಥ ಸಣ್ಣ ಘಟಕಗಳಿಗೆ ಜಾಗವೂ ಇದೆ, ಕಬ್ಬಿಣ ಬಗ್ಗಿಸಬಲ್ಲ ಕೈಗಳೂ ಇವೆ.

ಇನ್ನೂರು ವರ್ಷಗಳ ಪುಸ್ತಕಗಳು ಕೊನೆಗೆ ಹೇಳುವುದು ದೊಡ್ಡ ಮಾತೇನಲ್ಲ. ಗೆದ್ದದ್ದು ಇಬ್ಬರು ಎತ್ತಬಹುದಾದ ತುಂಡು, ಊರಿನವರೇ ಸರಿಮಾಡಬಹುದಾದ ಸಂದು, ವಾಸಿಸುವವರೇ ಬದಲಿಸಿಕೊಳ್ಳಬಹುದಾದ ಮನೆ. ಮಂಟಪ ಕಟ್ಟಿದ ಕಲ್ಲುಕುಟಿಗರಿಗೆ ಇದು ಗೊತ್ತಿತ್ತು. ಮೈಸೂರಿನಿಂದ ದೆಹಲಿಗೆ ಹೋದ ವಾಸ್ತುಶಿಲ್ಪಿ ಅದನ್ನು ಒಂದು ಕಾರ್ಖಾನೆಯ ಬೆಲೆ ತೆತ್ತು ಕಲಿತರು. ಹೊಸದಾಗಿ ಮನೆ ಕಟ್ಟುವವರು ಒಂದೆರಡು ಪುಸ್ತಕದ ಬೆಲೆ ತೆತ್ತು ಕಲಿತರೆ ಸಾಕು.